ಕಲ್ಲಾನೆಯ ಬೆನ್ನಿಗೆ ಅರಿಷಿಣ

ಸವಣೂರಿನ ಪವನನಿಗೆ ಜಾತಿ ಅನ್ನುವುದೇ ಇರಲಿಲ್ಲ. ಇದನ್ನು ಅವನೇ ಎಲ್ಲರಿಗೂ ಹೇಳುತ್ತಿದ್ದ. ಕೇಳಿದವರಿಗಿಂತ ಕೇಳದವರಿಗೇ ಹೆಚ್ಚಾಗಿ ಹೇಳುತ್ತಿದ್ದ. ಅವನ ಹಿರಿಯರು ವಾದಕ್ಕೆ ಕೂತರೆ ಎದುರಿನವನ ಬಾಯಿ ಕಟ್ಟಿಸಿ ಕಳಿಸಿದ ಪಂಡಿತರು. ಅಪ್ಪ ಪ್ರಹ್ಲಾದಾಚಾರ್ಯರು ಆ ಪಾಂಡಿತ್ಯವನ್ನು ಬ್ಯಾಂಕಿನ ಮ್ಯಾನೇಜರಿಕೆಯಲ್ಲಿ ಸವೆಸಿ ನಿವೃತ್ತರಾದರು. ಪವನ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುತ್ತಿದ್ದ, ಉಳಿದ ಹೊತ್ತೆಲ್ಲ ಕಾರ್ಡು ಆಡುತ್ತಿದ್ದ.

ಕಾರ್ಡು ಅಂದೊಡನೆ ಇಸ್ಪೀಟು ಅಂದುಕೊಂಡು ಮೂಗು ಮುರಿಯಬೇಡಿ. ಈ ಆಟದ ಹೆಸರು ‘ವೀರಗಲ್ಲು’. ಹಾನಗಲ್ಲ ಕಡೆಯ ಹೊಲದ ಬದುಗಳಲ್ಲಿ ವೀರಗಲ್ಲುಗಳು ನಿಂತಿವೆಯಲ್ಲ, ನಾವು ಎಮ್ಮೆ ಕಟ್ಟುತ್ತೇವಲ್ಲ, ಅವನ್ನು ನೋಡಿ ಬೆಂಗಳೂರಿನ ಯಾರೋ ಜಾಣರು ತೆಗೆದ ಆಟ. ಅಂಗಡಿಯಲ್ಲಿ ಬಾಯಿ ಮುಚ್ಚಿದ ಪಾಕೀಟು ಸಿಗುತ್ತದೆ. ಒಡೆದರೆ ಒಳಗಿನಿಂದ ದನಗಳ್ಳ ಬರುತ್ತಾನೋ, ಬಿಲ್ಲುಗಾರ ಬರುತ್ತಾನೋ ದೇವರೇ ಬಲ್ಲ. ಬೇಡದ್ದನ್ನು ಕೊಟ್ಟು ಬೇಕಾದ್ದನ್ನು ತಗೊಂಡು ಒಬ್ಬೊಬ್ಬರೂ ತಮ್ಮದೊಂದು ಕಟ್ಟು ಮಾಡಿಕೊಳ್ಳಬೇಕು, ಆ ಕಟ್ಟಿನಿಂದ ಎದುರಿನವನ ಕೋಟೆ ಬೀಳಿಸಬೇಕು. ಎಲ್ಲಕ್ಕೂ ಭಾರಿಯಾದದ್ದು ‘ಕಲ್ಲಾನೆ’ ಅನ್ನುವ ಮಿರಿಮಿರಿ ಕಾರ್ಡು. ಜಿಲ್ಲೆಯಲ್ಲಿ ಅದನ್ನು ಕಣ್ಣಾರೆ ಕಂಡವರೇ ಕಡಿಮೆ.

ಆ ಕಲ್ಲಾನೆ ಪವನನ ಮನೆಯಲ್ಲಿತ್ತು. ಅವನದಲ್ಲ, ಆದರೆ ಅವನ ಮನೆಯಲ್ಲಿತ್ತು. ಪಾಕೀಟು ಒಡೆದು ಅದನ್ನು ತೆಗೆದವಳು ಆಡೂರಿನ ಸಂಘಮಿತ್ರಾ, ಹಾನಗಲ್ಲ ಕೋರ್ಟಿನಲ್ಲಿ ವಕೀಲಿ ಮಾಡುವವಳು. ಅವಳ ಅಜ್ಜನ ಕಾಲಕ್ಕೇ ಮನೆಯವರು ಬುದ್ಧನಿಗೆ ಕೈಮುಗಿದು, ಊರ ಹೊರಗಿನ ಹಳೆಯ ಹೆಸರನ್ನು ಊರ ಹೊರಗೇ ಬಿಟ್ಟು ಬಂದಿದ್ದರು. ಅವಳ ಜೊತೆಗೆ ಶಿಗ್ಗಾವಿಯಲ್ಲಿ ಮೊಬೈಲು ರಿಪೇರಿ ಅಂಗಡಿ ಇಟ್ಟಿರುವ ತೌಹೀದ, ಹಿರೇಕೆರೂರು ತಾಲೂಕಿನ ಮಾಸೂರಿನಲ್ಲಿ ಮದಗದ ಕೆರೆ ನೀರಿಗೆ ಭತ್ತ ಬೆಳೆಯುವ ಅಂಬರೀಶ. ನಾಲ್ವರದೂ ಹಾವೇರಿಯಲ್ಲಿ ಡಿಗ್ರಿ ಓದುವಾಗಿನ ಗೆಳೆತನ. ತಂಡದ ಹೆಸರು ‘ನಾಲ್ಕೂರ ಪಡೆ’. ಪಡೆಗೊಬ್ಬ ನಾಯಕ ಬೇಕಲ್ಲ? ಯಾರೂ ಕೇಳುವ ಮೊದಲೇ ಪವನ ಒಪ್ಪಿಕೊಂಡ.

ನಾಯಕನಾದ ಮೇಲೆ ಅವನು ಮಾಡಿದ ಮೊದಲ ಕೆಲಸ ಟೀ ಶರ್ಟು ಹೊಲಿಸಿದ್ದು. ಎದೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ನಾಲ್ಕೂರು, ಒಂದೇ ತಾಟು’ ಎಂದು ಬರೆಸಿದ. ಎರಡನೆಯ ಕೆಲಸ, ಎಲ್ಲರ ಕಾರ್ಡುಗಳನ್ನೂ ಒಂದು ಪೆಟ್ಟಿಗೆಗೆ ಹಾಕಿಸಿದ್ದು.

“ಇನ್ನ ಮ್ಯಾಲೆ ಎಲ್ಲಾರ ಕಾರ್ಡು ಎಲ್ಲಾರವು. ಪೆಟಿಗಿ ನಮ್ಮನ್ಯಾಗ ಇರಲಿ. ನಮ್ಮನಿ ಒಣಾ ಜಾಗಾ ಅದ, ಇಲಿ ಇಲ್ಲ, ಸೋರೂದಿಲ್ಲ,” ಅಂದ ಪವನ.

ಅವನ ಸ್ವಂತದ ಕಾರ್ಡುಗಳು ಮಾತ್ರ ಬೇರೆ ಡಬ್ಬಿಯಲ್ಲಿದ್ದವು. ಅವು ಸೂಕ್ಷ್ಮವಂತೆ, ಕೈ ಬದಲಾದರೆ ಅಂಚು ಸವೆಯುತ್ತದಂತೆ. ಉಳಿದವರ ಕಾರ್ಡುಗಳಿಗೆ ಅಂಚು ಇರಲಿಲ್ಲವೋ ಏನೋ, ಯಾರೂ ಕೇಳಲಿಲ್ಲ.

ಪ್ರತಿ ರವಿವಾರ ಪವನನ ಮನೆಯ ಕಟ್ಟೆಯ ಮೇಲೆ ಆಟದ ತಾಲೀಮು. ಬೇಸಿಗೆಯಲ್ಲಿ “ಒಳಗ ಭಾಳ ಸೆಕಿ ಅದ, ಇಲ್ಲೇ ಗಾಳಿ ಬರ್ತದ” ಅನ್ನುತ್ತಿದ್ದ. ಚಳಿಗಾಲದಲ್ಲಿ “ಒಳಗ ಥಂಡಿ ಅದ, ಇಲ್ಲೇ ಬಿಸಲ ಬೀಳ್ತದ” ಅನ್ನುತ್ತಿದ್ದ. ಮಳೆಗಾಲದಲ್ಲಿ ಕಾರಣ ಹುಡುಕುವುದು ಸ್ವಲ್ಪ ಕಷ್ಟವಾಗುತ್ತಿತ್ತು, ಆದರೆ ತರ್ಕಶಾಸ್ತ್ರದವನಲ್ಲವೇ, ಹುಡುಕುತ್ತಿದ್ದ. ಒಳಗಿನಿಂದ ಅವ್ವ ಗೋಪಿಕಾಬಾಯಿ ತಿನ್ನಲು ಸವಣೂರ ಖಾರ ಕಳಿಸುತ್ತಿದ್ದರು, ಪೇಪರ್ ಲೋಟದಲ್ಲಿ ಚಹಾ ಕಳಿಸುತ್ತಿದ್ದರು. ಪವನ ತಾನೂ ಪೇಪರ್ ಲೋಟದಲ್ಲೇ ಕುಡಿಯುತ್ತಿದ್ದ. ಮನೆತುಂಬ ಸ್ಟೀಲಿನ ಲೋಟ ಇಟ್ಟುಕೊಂಡು ಗೆಳೆಯರಿಗಾಗಿ ಪೇಪರಿನಲ್ಲಿ ಕುಡಿಯುವ ತನ್ನ ದೊಡ್ಡ ಮನಸ್ಸನ್ನು ನೆನೆದು ಅವನಿಗೇ ಒಮ್ಮೊಮ್ಮೆ ಕಣ್ಣು ತುಂಬಿ ಬರುತ್ತಿತ್ತು.

ಗೆಳೆಯರು ಬಸ್ಸು ಹತ್ತಿದ ಮೇಲೆ ಗೋಪಿಕಾಬಾಯಿ ತಾಮ್ರದ ತಂಬಿಗೆಯಲ್ಲಿ ಅರಿಷಿಣದ ನೀರು, ಒಂದು ತುಳಸಿ ಕುಡಿ ಹಿಡಿದು ಹೊಸ್ತಿಲಿಗೆ ಬರುತ್ತಿದ್ದರು.

“ಅವರು ಮುಟ್ಟಿದ್ದು ಯಾವು ಪವನಾ?”

“ಇವು, ಅವ್ವಾ.”

“ನಿನ್ನವು?”

“ಇವು. ಇವಕ್ಕ ಬ್ಯಾಡ.”

ಅವರು ಮುಟ್ಟಿದವಕ್ಕೆ ಮೂರು ಸಲ ನೀರು ಬೀಳುತ್ತಿತ್ತು, ಆಮೇಲೆ ಪೆಟ್ಟಿಗೆ ಒಳಗೆ ಹೋಗುತ್ತಿತ್ತು. ಕಾರ್ಡಿಗೆ ಪ್ಲಾಸ್ಟಿಕ್ಕಿನ ಕವರು ಇತ್ತು ನಿಜ. ಆದರೆ ಕವರಿಗೂ ಬಾಯಿ ಇರುತ್ತದಲ್ಲ. ಒಳಗೆ ಹೋದ ಹನಿಗೆ ಹೊರಗೆ ಬರುವ ದಾರಿ ಇರಲಿಲ್ಲ. ಪವನನಿಗೆ ಇದೆಲ್ಲ ತಮಾಷೆ ಅನ್ನಿಸುತ್ತಿತ್ತು. ಅವ್ವನ ನಂಬಿಕೆ ಅವ್ವನದು, ತಾನಂತೂ ನಂಬುವುದಿಲ್ಲ, ಆದ್ದರಿಂದ ತನಗೆ ಜಾತಿ ಇಲ್ಲ ಎಂದು ಅವನ ತರ್ಕ. ಎರಡು ಗುಂಪು ಮಾಡಿ ಕೊಡುತ್ತಿದ್ದ ಕೈ ಯಾರದು ಎಂದು ಆ ತರ್ಕ ಕೇಳುತ್ತಿರಲಿಲ್ಲ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಹೀಗಿರುವಾಗ ಶಿಗ್ಗಾವಿಯ ಹೆದ್ದಾರಿ ಪಕ್ಕದ ಕಲ್ಯಾಣಮಂಟಪದಲ್ಲಿ ‘ವೀರಗಲ್ಲು ಮಹಾಸಮರ’ ಗೊತ್ತಾಯಿತು. ಬೆಳಗಾವಿ, ಬಳ್ಳಾರಿ, ಕಲಬುರ್ಗಿ, ದಾವಣಗೆರೆ ಎಲ್ಲ ಕಡೆಯಿಂದ ತಂಡಗಳು. ತಂಡಕ್ಕೆ ನಾಲ್ಕು ಮೇಜು, ಮೇಜಿಗೊಬ್ಬ ಆಟಗಾರ. ಪವನ ಆ ಟ್ರೋಫಿಯನ್ನು ಕನಸಿನಲ್ಲಿ ಆಗಲೇ ಮೂರು ಸಲ ಎತ್ತಿದ್ದ. ಕಾಲೇಜಿನ ಸ್ಟಾಫ್ ರೂಮಿನಲ್ಲಿ “ತಗೊಂಡ ಬರ್ತೀನಿ” ಎಂದು ಸಾರಿಯೂ ಬಿಟ್ಟಿದ್ದ. ಪ್ರಿನ್ಸಿಪಾಲರು ಹುರುಪಿನ ಮನುಷ್ಯ, ಸತ್ಕಾರಕ್ಕೆ ಶಾಲು ತರಿಸಿ ಇಟ್ಟುಬಿಟ್ಟರು. ಶಾಲು ಬಂದ ಮೇಲೆ ಸೋಲುವುದಾದರೂ ಹೇಗೆ?

ಹಿಂದಿನ ರವಿವಾರ ನಾಲ್ಕು ಕಟ್ಟು ಹಂಚಿಕೊಳ್ಳುವಾಗ ಸಂಘಮಿತ್ರಾ ಮೆಲ್ಲಗೆ ಅಂದಳು: “ಈ ಸಲ ಕಲ್ಲಾನಿ ನನ್ನ ಕಟ್ಟಿನ್ಯಾಗ ಇರಲಿ, ಪವನ. ತಗದಾಕಿ ನಾನು. ಒಮ್ಮೆನೂ ದೊಡ್ಡ ಆಟದಾಗ ಆಡಿಲ್ಲ.”

“ಭಾವನಾ ಬ್ಯಾರೆ, ತರ್ಕ ಬ್ಯಾರೆ. ನಾಯಕನ ಮೇಜು ಗಟ್ಟಿ ಇರಬೇಕು. ಸರಿಸಮ ಆದ್ರ ನಾಯಕನ ಮೇಜು ಗೆದ್ದವರೇ ಮುಂದ ಹೋಗ್ತಾರ,” ಅಂದ ಪವನ. ಅಂದು, ಪೆಟ್ಟಿಗೆಯಿಂದ ಕಲ್ಲಾನೆಯನ್ನು, ತೌಹೀದನ ಬೆಂಕಿಬಾಣವನ್ನು, ಅಂಬರೀಶನ ಕುದುರೆಪಡೆಯನ್ನು, ಹೀಗೆ ಕೆನೆ ಕೆನೆಯಾದದ್ದನ್ನೆಲ್ಲ ಎತ್ತಿಕೊಂಡ. ಉಳಿದ ಜಾಗಕ್ಕೆ ತನ್ನ ಡಬ್ಬಿಯಿಂದ ಕಾವಲುಗಾರರು, ಕೂಲಿಗಳು, ಎತ್ತಿನ ಬಂಡಿಗಳನ್ನು ತುಂಬಿದ. ಉಳಿದ ಮೂವರು ಪೆಟ್ಟಿಗೆಯ ಅಡಿಯಲ್ಲಿ ಉಳಿದದ್ದರಲ್ಲೇ ತಮ್ಮ ಕಟ್ಟು ಮಾಡಿಕೊಂಡರು.

“ಕಾರ್ಡು ಯಾಕೋ ಸ್ವಲ್ಪ ಉಬ್ಬ್ಯಾವಲ್ಲೋ,” ಅಂದ ತೌಹೀದ.

“ಹವಾಮಾನ,” ಅಂದ ಪವನ.

ಮಹಾಸಮರದ ದಿನ ಕಲ್ಯಾಣಮಂಟಪ ಜಾತ್ರೆಯಂತಿತ್ತು. ಮದುಮಕ್ಕಳು ಕೂಡುವ ಸಿಂಹಾಸನದ ಮೇಲೆ ಟ್ರೋಫಿ ಕೂತಿತ್ತು. ಪ್ರಹ್ಲಾದಾಚಾರ್ಯರೂ ಗೋಪಿಕಾಬಾಯಿಯೂ ಮೊದಲ ಸಾಲಿನಲ್ಲಿ, ಅವಲಕ್ಕಿ ಡಬ್ಬಿ, ಮನೆಯ ನೀರಿನ ಬಾಟಲಿ, ಸಂಜೆಗೆ ಬೇಕಾಗುವ ಅರಿಷಿಣದ ನೀರಿನ ಬಾಟಲಿ ಸಮೇತ. ಅವರ ಪಕ್ಕದಲ್ಲಿ ಪ್ರಿನ್ಸಿಪಾಲರು, ತೊಡೆಯ ಮೇಲೆ ಶಾಲಿನ ಪೊಟ್ಟಣ. ನಾಲ್ಕೂರ ಪಡೆ ಒಂದಾದ ಮೇಲೊಂದು ತಂಡವನ್ನು ಬಡಿದು ಹಾಕುತ್ತ ಹೋಯಿತು. ಪವನನ ಕೈಗೆ ಕಲ್ಲಾನೆ ಬರಬೇಕಾದ ಹೊತ್ತಿಗೆ ಬರುತ್ತಿತ್ತು. ಪ್ರತಿ ಸಲವೂ ಅವನು ಮೊದಲ ಸಾಲಿನ ಕಡೆ ಒಮ್ಮೆ ನೋಡಿ, ಆಮೇಲೆ ಆನೆಯನ್ನು ಮೇಜಿಗೆ ಬಡಿಯುತ್ತಿದ್ದ. ಸೆಮಿಫೈನಲ್ಲು ಬಂತು. ಎದುರಿಗೆ ಬೆಳಗಾವಿಯ ತಂಡ.

ಈ ಆಟದಲ್ಲಿ ಶುರುವಿಗೆ ಎದುರಾಳಿಯ ಕಟ್ಟನ್ನು ಕಲಸಿ ಕೊಡುವ ಪದ್ಧತಿ. ಬೆಳಗಾವಿಯ ಹುಡುಗ ಪವನನ ಕಟ್ಟನ್ನು ಎರಡು ಸಲ ಕಲಸಿದ, ಮೂರನೆಯ ಸಲಕ್ಕೆ ನಿಲ್ಲಿಸಿದ. ಬೆರಳಿನಿಂದ ಅಂಚು ಸವರಿ ನೋಡಿ ಕೈ ಎತ್ತಿದ. ತೀರ್ಪುಗಾರ್ತಿ ಸುಮೇರಾ ಬಂದಳು. ಹುಬ್ಬಳ್ಳಿಯವಳು, ಕಪ್ಪು ಅಂಗಿ, ಮಾತು ಕಡಿಮೆ. ಅವಳು ಕಟ್ಟನ್ನು ಮೇಜಿನ ಮೇಲೆ ಬಿಡಿಸಿ ಹರವಿದಳು. ಆಮೇಲೆ ಉಳಿದ ಮೂವರ ಕಟ್ಟನ್ನೂ ತರಿಸಿದಳು.

“ಈ ಮೂರೂ ಕಟ್ಟಿನ್ಯಾಗ ಎಲ್ಲಾ ಕಾರ್ಡು ಉಬ್ಬ್ಯಾವು, ಎಲ್ಲಾದರ ಬೆನ್ನಿಗೂ ಹಳದಿ ಕಲಿ ಐತಿ. ಎಲ್ಲಾ ಒಂದ ಥರಾ ಇದ್ರ ನಂದೇನೂ ತಕರಾರಿಲ್ರಿ,” ಅಂದಳು. ಆಮೇಲೆ ಪವನನ ಕಡೆ ತಿರುಗಿದಳು. “ನಿಮ್ಮ ಕಟ್ಟಿನ್ಯಾಗ ಅರ್ಧಕ್ಕ ಕಲಿ ಐತಿ, ಅರ್ಧ ಅಗದೀ ಸ್ವಚ್ಛ ಅದಾವು. ಕಲಿ ಇದ್ದಾವೆಲ್ಲಾ ಭಾರಿ ಕಾರ್ಡು. ಕಣ್ಣು ಮುಚ್ಚಿ ಮುಟ್ಟಿದ್ರೂ ಆನಿ ಎಲ್ಲೈತಿ ಗೊತ್ತಾಗತೈತಿ. ಇದಕ್ಕ ಗುರುತು ಹಾಕೂದು ಅಂತಾರ್ರಿ. ಬೇಕಂತ ಹಾಕಿದ್ರ ಇಡೀ ತಂಡ ಹೊರಗ. ಹೆಂಗಾತು, ಹೇಳ್ರಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪವನ ಎದೆಯ ಮೇಲಿನ ಅಕ್ಷರ ಮುಟ್ಟಿ ನೋಡಿಕೊಂಡ. ಅವನಿಗೆ ಕಾರಣ ಗೊತ್ತಿತ್ತು. ಹೇಳಿದರೆ ತಂಡ ಉಳಿಯುತ್ತಿತ್ತು, ಅಂಗಿಯ ಮೇಲಿನ ಬರಹ ಉಳಿಯುತ್ತಿರಲಿಲ್ಲ. ಮಂಟಪದವರೆಲ್ಲ ಸುತ್ತ ಮುಕುರಿಕೊಂಡಿದ್ದರು. ಪ್ರಿನ್ಸಿಪಾಲರು ಶಾಲಿನ ಪೊಟ್ಟಣ ಹಿಡಿದು ಎದ್ದು ನಿಂತಿದ್ದರು. ಪವನ ಗೊಟಗೋಡಿಯ ರಾಕ್ ಗಾರ್ಡನ್ನಿನ ಸಿಮೆಂಟಿನ ಗೊಂಬೆಯಂತೆ ನಿಂತ. ಅಷ್ಟರಲ್ಲಿ ಅವನ ತರ್ಕ ಓಡಿ ಬಂದು ಒಂದು ದಾರಿ ತೋರಿಸಿತು.

“ಈ ಕಾರ್ಡು ನನ್ನವಲ್ರೀ ಮೇಡಂ. ಗೆಳ್ಯಾರವು. ಅವರ ಮನಿಯೊಳಗ ಮೊದಲೇ ಹಂಗಾಗಿರಬೇಕು. ಈ ಸಂಘಮಿತ್ರಾನ ಮನಿ… ಹಳ್ಳಿಯೊಳಗಿನ ಮನಿ ನೋಡ್ರಿ, ಮಳಿಗಾಲದಾಗ ಸೋರ್ತದ.”

ತೌಹೀದ ನೆಲ ನೋಡಿದ. ಸಂಘಮಿತ್ರಾ ಮಾತ್ರ ಕೋರ್ಟಿನಲ್ಲಿ ಸಾಕ್ಷಿಯ ಮುಂದೆ ನಿಂತವಳ ಹಾಗೆ ಒಂದು ಹೆಜ್ಜೆ ಮುಂದೆ ಬಂದಳು.

“ನಮ್ಮನಿ ಆರ್‌ಸಿಸಿ ಐತಿ, ಪವನ.”

“ಅಂದ್ರ… ಮೊದಲು…”

“ಮೊದಲೂ ನೀ ನಮ್ಮನಿಗೆ ಬಂದಿಲ್ಲ, ಈಗೂ ಬಂದಿಲ್ಲ. ಸೋರತೈತಿ ಅಂತ ಹೆಂಗ ಗೊತ್ತಾತು ನಿನಗ?”

ಪವನನ ಪೂರ್ವಜರು ಎಷ್ಟೋ ಸಭೆಗಳಲ್ಲಿ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದರು. ಇದು ಅವರಿಗೂ ಬಂದಿರಲಿಲ್ಲವೆಂದು ಕಾಣುತ್ತದೆ. ಸುಮೇರಾ ಹುಬ್ಬು ಗಂಟಿಕ್ಕಿ, “ಹಂಗಾರ ಉತ್ತರ ಇಲ್ಲ? ತಂಡಾ ಹೊರಗ ಹಾಕಬೇಕಾಗತೈತ್ರಿ, ಮೋಸ ಅಂತ,” ಅಂದಳು.

ಮೋಸ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಮೊದಲ ಸಾಲಿನಿಂದ ಗೋಪಿಕಾಬಾಯಿ ಎದ್ದರು. ಒಂಬತ್ತು ವಾರಿ ಸೀರೆಯ ನೆರಿಗೆ ಎತ್ತಿ ಹಿಡಿದು ಗುಂಪು ಸೀಳಿಕೊಂಡು ಬಂದರು. ಹೆತ್ತ ಕರುಳಲ್ಲವೇ, ತಡೆಯಲಿಲ್ಲ.

“ಯಾರು ಮೋಸಾ ಅಂದವರು? ನನ್ನ ಮಗಾ ಮೋಸಗಾರ ಅಲ್ಲ! ಆ ನೀರು ನಾ ಹಾಕಿದ್ದು!”

“ಅವ್ವಾ, ನೀ ಸುಮ್ನಿರು,” ಅಂದ ಪವನ.

“ಯಾಕ ಸುಮ್ನಿರ್ಲಿ? ಖರೇ ಹೇಳ್ಲಿಕ್ಕೆ ಯಾರ ಹೆದರಿಕಿ?” ಗೋಪಿಕಾಬಾಯಿ ಸುಮೇರಾಳ ಕಡೆ ತಿರುಗಿದರು. “ನೋಡವಾ, ಅವರು ಮುಟ್ಟಿದ್ದು ಹಂಗ ಒಳಗ ತಗೊಳ್ಳಿಕ್ಕೆ ಬರ್ತದೇನು? ಮನ್ಯಾಗ ದೇವರಿದ್ದಾವ. ವಾರಾ ವಾರಾ ಅರಿಷಿಣದ ನೀರು ಪ್ರೋಕ್ಷಣಿ ಮಾಡ್ತೀನಿ. ಇವಂದೇನೂ ತಪ್ಪಿಲ್ಲ. ಇವ ಎಷ್ಟು ಶಾಣ್ಯಾ ಅಂದ್ರ, ತನ್ನವು ಯಾವು, ಅವರವು ಯಾವು, ತಾನೇ ಬ್ಯಾರೆ ಬ್ಯಾರೆ ಮಾಡಿ ಕೊಡ್ತಾನ. ಒಂದ ದಿನಾನೂ ಕೂಡಿಸಿಲ್ಲ!”

ಬಂಗಾರದಂಥ ಮಗನಿಗೆ ಬಂಗಾರದಂಥ ಸರ್ಟಿಫಿಕೇಟು. ಹಿಂದಿನಿಂದ ಯಾರೋ ನಕ್ಕರು, ಆಮೇಲೆ ನಗು ನಿಂತಿತು. ನಕ್ಕಿದ್ದರೇ ಚೆನ್ನಾಗಿತ್ತು ಅನ್ನಿಸಿತು ಪವನನಿಗೆ. ನಾಲ್ಕು ಟೀ ಶರ್ಟುಗಳು ಅಲ್ಲೇ ನಿಂತಿದ್ದವು. ಎಲ್ಲರ ಕಣ್ಣೂ ಒಂದೇ ತಾಟಿನ ಮೇಲೆ.

ಮೊದಲು ಮಾತಾಡಿದವನು ತೌಹೀದ. “ಗೋಪಿಕಾಬಾಯಾರ, ನಿಮ್ಮ ಫೋನೂ ನಾನ ರಿಪೇರಿ ಮಾಡತೇನಲ್ರಿ. ಅದಕ್ಕೂ ನೀರು ಹೊಡೀತೀರೇನ್ರಿ?”

“ಮತ್ತ! ಬಿಡ್ತದೇನು? ಆದರ ಸ್ವಲ್ಪನಪಾ, ಕಾರ್ಡಿಗೆ ಹಾಕಿದಷ್ಟಲ್ಲ.”

“ಅದಕ್ಕ ತಿಂಗಳಿಗೊಮ್ಮೆ ಅದರ ಸ್ಪೀಕರ್ ಹೋಗತೈತಿ! ಯಾ ಅಲ್ಲಾ, ನಾ ಕಂಪನಿಯವರನ್ನ ಬೈತಿದ್ನೆಲ್ಲ!”

ಸುಮೇರಾಳ ತುಟಿಯ ಅಂಚು ಒಂದಿಷ್ಟು ಅಲುಗಿತು. ಆಮೇಲೆ ಅವಳು ತೀರ್ಪು ಹೇಳಿದಳು. “ಬೇಕಂತ ಗುರುತು ಹಾಕಿಲ್ಲ. ತಂಡಾ ಆಡಬಹುದು. ಆದರ ಈ ಕಟ್ಟು ಹಿಂಗ ನಡಿಯೂದಿಲ್ಲ. ಗಂಟಿ ಹೊಡಿಯೂದ್ರಾಗ ಎಲ್ಲಾ ಕಾರ್ಡು ಒಂದ ಥರಾ ಆಗಬೇಕು. ಹೆಂಗ ಮಾಡತೀರಿ, ನಿಮಗ ಬಿಟ್ಟಿದ್ದು.”

ಅಂದರೆ ಮೋಸದ ಆರೋಪದಿಂದ ಪವನ ಪಾರಾಗಿದ್ದ. ಬಾಯಿಬಿಟ್ಟು ಯಾರೂ ಹೊರಿಸದ ಇನ್ನೊಂದು ಆರೋಪ ಮಾತ್ರ ಹಾಗೇ ನಿಂತಿತ್ತು. ಸಂಘಮಿತ್ರಾ ಮೊದಲ ಸಾಲಿಗೆ ಹೋಗಿ ಗೋಪಿಕಾಬಾಯಿಯವರ ಅರಿಷಿಣದ ನೀರಿನ ಬಾಟಲಿ ತಂದಳು. ಅದನ್ನು ಪವನನ ಸ್ವಚ್ಛ ಕಾರ್ಡುಗಳ ಪಕ್ಕ ಇಟ್ಟಳು.

“ಹೊಡಿ,” ಅಂದಳು. “ನಿನ್ನವಕ್ಕೂ ಹೊಡಿ. ಎಲ್ಲಾ ಒಂದ ಥರಾ ಆಗತಾವು. ಅಂಗಿ ಮ್ಯಾಲೆ ಬರಿಸೀಯಲ್ಲ?”

ಬಾಟಲಿಯ ಮುಚ್ಚಳ ತಿರುಗಿಸಿದರೆ ಸಾಕಿತ್ತು. ಫೈನಲ್ಲು ಅಲ್ಲೇ ಇತ್ತು, ಟ್ರೋಫಿ ಸಿಂಹಾಸನದ ಮೇಲೆ ಹೊಳೆಯುತ್ತಿತ್ತು. ಪವನ ಕೈ ಚಾಚಿದ. ಗೋಪಿಕಾಬಾಯಿ ಹೌಹಾರಿದರು.

“ಅಯ್ಯ, ಅವಕ್ಯಾಕೋ! ಅವು ನಮ್ಮವು! ತಮ್ಮವಕ್ಕ ಯಾರರೆ ಪ್ರೋಕ್ಷಣಿ ಮಾಡ್ಕೋತಾರೇನು? ನೀವರೆ ಹೇಳ್ರೀ ಇವಗ!”

ಕೊನೆಯ ಮಾತು ಗಂಡನಿಗೆ. ಪ್ರಹ್ಲಾದಾಚಾರ್ಯರು ಕನ್ನಡಕ ಸರಿಮಾಡಿಕೊಂಡು ಎದ್ದರು. ಬ್ಯಾಂಕಿನಲ್ಲಿ ಇಷ್ಟು ವರ್ಷ ಮಲಗಿದ್ದ ಪಾಂಡಿತ್ಯ ಇವತ್ತೇ ಎದ್ದು ಕೂತಿತು. “ವಿಚಾರ ಮಾಡಬೇಕಾದ ವಿಷಯ. ಶುದ್ಧ ಇದ್ದ ವಸ್ತುವಿಗೆ ಶುದ್ಧಿ ಮಾಡಿದರ, ಅದು ಮೊದಲು ಅಶುದ್ಧ ಇತ್ತು ಅಂತ ಒಪ್ಪಿಕೊಂಡಂಗಾಗ್ತದ. ಆದರ ಆಪತ್ಕಾಲ ಅಂತ ಒಂದು ಅದ…”

“ಇದು ಆಪತ್ಕಾಲ ಹೌದೋ ಅಲ್ಲೋ, ಅಪ್ಪಾ?” ಅಂದ ಪವನ. ಅವನ ಕೈ ಬಾಟಲಿಯ ಮೇಲೇ ಇತ್ತು.

“ಅದನ್ನ ನಿರ್ಣಯ ಮಾಡಬೇಕು. ಆಪತ್ತು ಜೀವಕ್ಕೋ, ಆಟಕ್ಕೋ ಅನ್ನೋದು ಮೊದಲನೇ ಪ್ರಶ್ನೆ.”

“ಆಟಕ್ಕ, ಆದರ ಮಾನದ ಪ್ರಶ್ನೆನೂ ಅದ…”

“ಮಾನ ಅಂದ್ರ ಯಾವ ಅರ್ಥದಾಗ?”

ಅಪ್ಪ ಮಗ ಇಬ್ಬರೂ ಎಷ್ಟೋ ವರ್ಷಗಳ ಮೇಲೆ ಇಷ್ಟು ಚೆನ್ನಾಗಿ ಮಾತಾಡಿದರು. ಗೋಪಿಕಾಬಾಯಿ ನಡುನಡುವೆ “ಬ್ಯಾಡಂದ್ರ ಬ್ಯಾಡ” ಅನ್ನುತ್ತಿದ್ದರು. ಪೂರ್ವಪಕ್ಷ ಮುಗಿದು ಸಿದ್ಧಾಂತಕ್ಕೆ ಇನ್ನೇನು ಬಂದರು ಅನ್ನುವಾಗ ಗಂಟೆ ಹೊಡೆಯಿತು.

ನಾಯಕನ ಮೇಜು ಆಟವಿಲ್ಲದೆ ಬೆಳಗಾವಿಯವರ ಪಾಲಾಯಿತು. ಉಳಿದ ಮೂವರು ಕೂತು ಆಡಿದರು. ತೌಹೀದ ಗೆದ್ದ. ಸಂಘಮಿತ್ರಾ ಆನೆಯಿಲ್ಲದೆಯೇ ಗೆದ್ದಳು. ಅಂಬರೀಶ ಕಡೆಯವರೆಗೂ ಕಾದಾಡಿ ಸೋತ. ಎರಡಕ್ಕೆರಡು, ಸರಿಸಮ. ಸರಿಸಮವಾದರೆ ನಾಯಕನ ಮೇಜು ಗೆದ್ದವರೇ ಮುಂದೆ ಹೋಗುತ್ತಾರೆ ಎಂದು ಪವನನೇ ಹೇಳಿದ್ದನಲ್ಲ. ಬೆಳಗಾವಿಯವರು ಮುಂದೆ ಹೋದರು. ಪ್ರಿನ್ಸಿಪಾಲರು ಶಾಲನ್ನು ಚೀಲದಲ್ಲಿ ತುರುಕಿಕೊಂಡು, ಬಸ್ಸಿನ ಹೊತ್ತಾಯಿತೆಂದು ಹೊರಟರು.

ಸಂಘಮಿತ್ರಾ ಪವನನ ಮೇಜಿಗೆ ಬಂದು ಅಂಗೈ ಚಾಚಿದಳು. “ನನ್ನ ಆನಿ ಕೊಡು.” ಅವನು ಕೊಟ್ಟ. ಅವಳು ಅದರ ಬೆನ್ನಿನ ಹಳದಿ ಕಲೆಯನ್ನು ಒಮ್ಮೆ ಉಗುರಿನಿಂದ ಕೆರೆದು ನೋಡಿದಳು. ಹೋಗಲಿಲ್ಲ. “ಎರಡು ವರ್ಷದಾಗ ನನ್ನ ಆನಿ ನಿಮ್ಮ ದೇವರ ಮನಿ ತನಕಾ ಹೋಗಿ ಬಂತು. ತಗದಾಕಿ ಕಟ್ಟಿ ಮ್ಯಾಲ ಉಳದ್ಲು,” ಅಂದಳು. ಬೈಗುಳವೂ ಇಲ್ಲ, ಅಳುವೂ ಇಲ್ಲ. ಚೀಲಕ್ಕೆ ಹಾಕಿಕೊಂಡು ಹಾನಗಲ್ಲ ಬಸ್ಸಿಗೆ ಹೋದಳು. ಪವನನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ನಾಚಿಕೆ ಯಾಕೆ ಅಂತ ಗೊತ್ತಿತ್ತು, ಸಿಟ್ಟು ಯಾರ ಮೇಲೆ ಹಾಕಬೇಕು ಅಂತ ತಿಳಿಯಲಿಲ್ಲ.

ಮುಂದಿನ ರವಿವಾರ ಕಟ್ಟೆಗೆ ಯಾರೂ ಬರಲಿಲ್ಲ. ಪವನ ಕಾದು ಕಾದು ಅಂಬರೀಶನಿಗೆ ಫೋನು ಮಾಡಿದ.

“ಆಡೂರಾಗ ಅದೇವಲೇ,” ಅಂದ ಅಂಬರೀಶ. “ಇನ್ನ ಮ್ಯಾಲೆ ಆಟಾ ಇಲ್ಲೇ. ನಿಮ್ಮವ್ವಗೂ ನೀರು ಉಳೀತು. ಬರಾ ಹಂಗಿದ್ರ ಬಾ. ಸಂಘಮಿತ್ರಾನೂ ಬ್ಯಾಡ ಅಂದಿಲ್ಲ.”

ಹೋಗಬಾರದು ಎಂದು ಅವನ ತರ್ಕ ಹೇಳಿತು. ಆದರೆ ಒಬ್ಬನೇ ಕೂತು ಎತ್ತಿನ ಬಂಡಿ, ಕೂಲಿಗಳ ಕಾರ್ಡು ಹಿಡಿದು ಯಾರ ಕೋಟೆ ಬೀಳಿಸಬೇಕು? ಮುಂದಿನ ವಾರ ಟೀ ಶರ್ಟು ಬಿಟ್ಟು ಬೇರೆ ಅಂಗಿ ಹಾಕಿಕೊಂಡು ಆಡೂರಿನ ಬಸ್ಸು ಹತ್ತಿದ. ಸಂಘಮಿತ್ರಾಳ ಅವ್ವ ಯಂಕವ್ವ ಬಾಗಿಲಿಗೇ ಬಂದರು. “ಬರ್ರಿ ಬರ್ರಿ, ಹೊರಗ ಯಾಕ ನಿಂತ್ರಿ? ಒಳಗ ಬರ್ರಿ,” ಎಂದು ನಡುಮನೆಗೆ ಕರೆದು ಚಾಪೆ ಹಾಸಿದರು. ಗೆಳೆಯರು ಆಗಲೇ ಆಟ ಹೂಡಿದ್ದರು. ತೌಹೀದ ಸರಿದು ಜಾಗ ಕೊಟ್ಟ. ಸಂಘಮಿತ್ರಾ ತಲೆ ಎತ್ತಿ “ಬಂದೀಯೇನು?” ಅಂದು ಮತ್ತೆ ಕಾರ್ಡು ಹಂಚತೊಡಗಿದಳು. ಪವನ ಚಾವಣಿ ನೋಡಿದ. ಆರ್‌ಸಿಸಿ. ಎಲ್ಲೂ ಸೋರಿದ ಗುರುತು ಇರಲಿಲ್ಲ.

ಯಂಕವ್ವ ಚಹಾ ತಂದರು. ಎಲ್ಲರಿಗೂ ತೊಳೆದು ಥಳಥಳ ಹೊಳೆಯುವ ಸ್ಟೀಲಿನ ಲೋಟ. ಪವನನ ಮುಂದೆ ಇಟ್ಟದ್ದು ಪೇಪರ್ ಲೋಟ.

“ನಿಮಗ ಇದ ರೂಢಿ ಅಂತಲ್ರಿ,” ಅಂದರು ಯಂಕವ್ವ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ. “ನಿಮ್ಮನ್ಯಾಗೂ ನೀವು ಪೇಪರಿನ್ಯಾಗ ಅಷ್ಟ ಕುಡೀತೀರಿ ಅಂತ ಇಕಿ ಹೇಳತಿರತಾಳು. ನಮ್ಮನ್ಯಾಗ ಇರಲಿಲ್ರಿ, ನಿಮ್ಮ ಸಲುವಾಗಿ ಅಂಗಡಿಂದ ಒಂದು ಪಾಕೀಟು ತರಿಸೇವಿ. ಸಂಕೋಚ ಮಾಡ್ಕೋಬ್ಯಾಡ್ರಿ, ಕುಡೀರಿ.”

ಸಂಘಮಿತ್ರಾ ಅವನ ಕಡೆ ನೋಡದೆ ಕೈಯಲ್ಲಿದ್ದ ಕಲ್ಲಾನೆಯನ್ನು ಮೆಲ್ಲಗೆ ಚಾಪೆಯ ಮೇಲೆ ಇಟ್ಟಳು. ಸ್ಟೀಲಿನ ಲೋಟ ಕೊಡಿ ಎಂದು ಕೇಳಲು ಪವನನಿಗೆ ಯಾವ ತರ್ಕವೂ ಸಿಗಲಿಲ್ಲ. ಅವನು ಪೇಪರ್ ಲೋಟ ಎತ್ತಿಕೊಂಡ. ಚಹಾ ಛಲೋ ಇತ್ತು.